ಲಾಗ್ ಟ್ರಂಕೇಟ್‌ಗೆ "ಮೊಟಕು" ಅನ್ನೋದು ಸರೀನಾ?

ಎಲ್ರಿಗೂ ನಮಸ್ಕಾರ. ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್ ನೋಡ್ಕೊಳ್ಳೋರಿಗೆ ಅಂತ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೀತಿದೀನಿ, ಟ್ರಾನ್ಸಾಕ್ಷನ್ ಲಾಗ್ (ಡೇಟಾಬೇಸಲ್ಲಿ ಆಗೋ ಬದಲಾವಣೆಗಳನ್ನ ಬರ್ದಿಡೋ ಫೈಲು) ಸೈಜು ಹತೋಟಿಲಿ ಇಡೋ ಅಧ್ಯಾಯಕ್ಕೆ ಬಂದು ಸಿಕ್ಕಾಕ್ಕೊಂಡಿದೀನಿ. ಟ್ರಾನ್ಸಾಕ್ಷನ್‌ಗೆ ವಹಿವಾಟು ಅಂದ್ರೆ ನಡಿಯುತ್ತೆ, ಲಾಗ್ ಲಾಗಾಗೇ ಇರ್ಲಿ. ತಕರಾರು ಇರೋದು ಟ್ರಂಕೇಟ್, ಶ್ರಿಂಕ್ ಅನ್ನೋ ಜೋಡಿದು.

ಮೊದಲ ಕರಡಲ್ಲಿ "ಲಾಗ್ ಬ್ಯಾಕಪ್ ತಗೊಂಡ್ರೆ ಲಾಗ್ ಮೊಟಕಾಗುತ್ತೆ" ಅಂತ ಬರ್ದಿದ್ದೆ. ಅದನ್ನ ಓದಿದ ಹುಡುಗ ಒಬ್ಬ ಬ್ಯಾಕಪ್ ತಗೊಂಡ, ಫೈಲ್ ನೋಡ್ದ, 40 ಜಿಬಿ ಇದ್ದಿದ್ದು 40 ಜಿಬಿನೇ ಇದೆ, ಸಾರ್ ಮೊಟಕಾಗ್ಲೇ ಇಲ್ವಲ್ಲ ಅಂದ್ಕೊಂಡು ದಿನಾ ರಾತ್ರಿ ಫೈಲನ್ನೇ ಚಿಕ್ಕದು ಮಾಡೋ ಶ್ರಿಂಕ್‌ಫೈಲ್ ಕಮಾಂಡ್ ಓಡ್ಸೋಕೆ ಶುರು ಹಚ್ಕೊಂಡ. ಬೆಳಗ್ಗೆ ಕೆಲಸ ಶುರುವಾಗ್ತಿದ್ದಂಗೆ ಲಾಗ್ ಮತ್ತೆ ಬೆಳೀಬೇಕು, ಹೊಸ ಜಾಗಕ್ಕೆಲ್ಲ ಸೊನ್ನೆ ತುಂಬ್ಬೇಕು, ಅಲ್ಲೀವರೆಗೂ ಡೇಟಾ ಬರೆಯೋರು ಕಾಯ್ತಾ ಕೂತಿರ್ಬೇಕು. ತಪ್ಪು ಅವನದಲ್ಲ ಬಿಡಿ, ನಾನು ಹಾಕಿದ ಪದದ್ದು.

ಯಾಕಂದ್ರೆ ಟ್ರಂಕೇಟ್ ಆದಾಗ ಫೈಲು ಒಂದು ಬೈಟೂ ಚಿಕ್ಕದಾಗಲ್ಲ. ಲಾಗ್ ಒಳಗೆ ವಿಎಲ್‌ಎಫ್ ಅನ್ನೋ ತುಂಡುಗಳಿರ್ತವೆ, ಕೆಲಸ ಮುಗಿದ ತುಂಡಿನ ಮೇಲೆ "ಇದನ್ನ ಮತ್ತೆ ಬಳಸ್ಬೋದು" ಅಂತ ಗುರುತು ಬೀಳುತ್ತೆ, ಅಷ್ಟೇ. ಡೇಟಾಬೇಸು ಫುಲ್ ರಿಕವರಿ ಅನ್ನೋ ಸೆಟ್ಟಿಂಗಲ್ಲಿದ್ರೆ ಈ ಗುರುತು ಬೀಳೋಕೆ ಲಾಗ್ ಬ್ಯಾಕಪ್ಪೇ ಆಗ್ಬೇಕು, ಇಡೀ ಡೇಟಾಬೇಸಿನ ಫುಲ್ ಬ್ಯಾಕಪ್ ಎಷ್ಟು ಸಲ ತಗೊಂಡ್ರೂ ಊಹೂಂ. ಸಿಂಪಲ್ ಅನ್ನೋ ಸೆಟ್ಟಿಂಗಲ್ಲಾದ್ರೆ ಚೆಕ್‌ಪಾಯಿಂಟ್ (ಮೆಮೊರಿಲಿರೋ ಬದಲಾವಣೆಗಳನ್ನ ಡಿಸ್ಕಿಗೆ ಬರೆಯೋದು) ಸಾಕು. ಇನ್ನು ಯಾರೋ ಒಬ್ರು ಟ್ರಾನ್ಸಾಕ್ಷನ್ ಶುರು ಮಾಡಿ ಕಮಿಟ್ ಮಾಡ್ದೆ, ಅಂದ್ರೆ ಪೂರ್ತಿ ಮುಗಿಸ್ದೆ, ಎದ್ದು ಹೋದ್ರೋ, ಅಲ್ಲಿಂದ ಈಚಿನ ಒಂದು ತುಂಡೂ ಬಿಡುಗಡೆ ಆಗಲ್ಲ, ಡಿಸ್ಕ್ ತುಂಬಿ, ಲಾಗ್ ತುಂಬಿದೆ ಅನ್ನೋ 9002 ಎರರ್ ಬರೋವರೆಗೂ ಬೆಳೀತಾನೇ ಇರುತ್ತೆ. ಇದ್ರ ಮೇಲೆ ಟ್ರಂಕೇಟ್ ಟೇಬಲ್ ಅಂತ ಇನ್ನೊಂದು ಕಮಾಂಡ್ ಇದೆ, ಅಲ್ಲಿ ಟೇಬಲ್ಲಿನ ಸಾಲುಗಳೆಲ್ಲ ನಿಜವಾಗ್ಲೂ ಹೋಗ್ತವೆ! ಇಂಗ್ಲಿಷಲ್ಲೇ ಗೊಂದಲ, ನಾವು ಅದನ್ನ ಹಂಗೇ ಹೊತ್ಕೊಂಡು ಬರೋದ್ಯಾಕೆ.

ಹೆಸರಲ್ಲೇನಿದೆ ಅನ್ನೋರಿಗೆ ಒಂದು ಮಾತು: ಪೋಸ್ಟ್‌ಗ್ರೆಸ್ ಅನ್ನೋ ಇನ್ನೊಂದು ಡೇಟಾಬೇಸಲ್ಲಿ ಟ್ರಾನ್ಸಾಕ್ಷನ್ ಲಾಗ್ ಇಡೋಕೆ ಪಿಜಿ_ಎಕ್ಸ್‌ಲಾಗ್ ಅಂತ ಫೋಲ್ಡರ್ ಇತ್ತು, ಲಾಗ್ ತಾನೇ ಅಂತ ಜಾಗ ಸಾಲ್ದಾಗ ಅಳಿಸಿ ಡೇಟಾಬೇಸನ್ನೇ ಕೆಡಿಸ್ಕೊಂಡೋರಿದ್ರು, ಕೊನೆಗೆ 2017ರ 10ನೇ ಆವೃತ್ತಿಲಿ ಹೆಸರನ್ನೇ ಪಿಜಿ_ವಾಲ್ ಅಂತ ಬದಲಾಯಿಸ್ಬೇಕಾಯ್ತು.

ಶ್ರಿಂಕ್‌ಗೆ "ಕುಗ್ಗಿಸು" ಅಂತ ಖಾಯಂ ಮಾಡ್ಕೊಂಡಿದೀನಿ. ಟ್ರಂಕೇಟ್‌ಗೆ ಸದ್ಯಕ್ಕೆ "ತೆರವು" ಹೊಳೆದಿದೆ. ಸ್ಥಾನ ತೆರವಾಯ್ತು ಅಂದ್ರೆ ಕೂತೋರು ಎದ್ರು ಅಂತ ತಾನೇ, ಕುರ್ಚಿ ಅಲ್ಲೇ ಇರುತ್ತೆ. ಆದ್ರೆ ಒತ್ತುವರಿ ತೆರವು ಅಂತಾನೂ ಅಂತೀವಲ್ಲ, ಅದನ್ನ ಕೇಳಿದೋರಿಗೆ ಜೆಸಿಬಿ ಬಂದು ಫೈಲ್ ಒಡೆದಾಕಿದ ಚಿತ್ರ ಬಂದ್ರೆ ಕಷ್ಟ. ಗೆಳೆಯರೊಬ್ರು "ಒರೆಸು" ಅಂದ್ರು, ಅದೂ ಕೂರ್ತಿಲ್ಲ, ಒರೆಸಿದ್ರೆ ಬರಹ ಆಗ್ಲೇ ಹೋಗಿರುತ್ತೆ, ಇಲ್ಲಿ ಹೊಸದು ಬಂದು ಮೇಲೆ ಬರೆಯೋವರೆಗೂ ಹಳೇದು ಹಂಗೇ ಬಿದ್ದಿರುತ್ತೆ. "ಲಾಗ್ ತೆರವಾಯ್ತು" ಅಂತ ಓದಿದ್ರೆ ನಿಮಗೆ ಮೊದಲು ಏನು ಹೊಳೆಯುತ್ತೆ, ಜಾಗ ಖಾಲಿ ಆಯ್ತು ಅಂತಾನೋ, ಫೈಲೇ ಹೋಯ್ತು ಅಂತಾನೋ?