304 ಸ್ಟೀಲ್ ಮತ್ತು ನೈಲಾನ್ 66 ಲೇಸರ್ ಜೋಡಣೆ: ನಡುವೆ ಗುಳ್ಳೆ, ಅಂಚಲ್ಲಿ ಅಂಟೇ ಇಲ್ಲ

ಪ್ರಶ್ನೆ
ಮೇಲೆ 1 ಮಿ.ಮೀ. 304 ಸ್ಟೇನ್‌ಲೆಸ್ ಹಾಳೆ, ಕೆಳಗೆ 2 ಮಿ.ಮೀ. ನೈಲಾನ್ 66 (ಗ್ಲಾಸ್ ಫೈಬರ್ ಇಲ್ಲ). ಲೇಸರ್ ಬೀಳೋದು ಲೋಹದ ಮೇಲೆ, ವೇಗ ಸೆಕೆಂಡಿಗೆ 10 ಮಿ.ಮೀ. ಗೆರೆಯ ನಡುವೆ ದೊಡ್ಡ ಗುಳ್ಳೆ, ಕಂದು ಬಣ್ಣ. ಅಂಚಲ್ಲಿ ಪ್ಲಾಸ್ಟಿಕ್ ಕರಗಿಯೇ ಇಲ್ಲ. ಪವರ್ ಇಳಿಸಿದರೆ ಗುಳ್ಳೆ ಹೋಗುತ್ತೆ, ಆದರೆ ಅಂಟಿದ ಪಟ್ಟಿ ಇನ್ನೂ ಕಿರಿದಾಗುತ್ತೆ. ಏನು ಬದಲಿಸಬೇಕು?

ಉತ್ತರ 1
ಮೊದಲು ಫೋಕಸ್. 304ರ ಉಷ್ಣವಾಹಕತೆ ಬರೀ 16 ವಾಟ್/ಮೀಟರ್-ಕೆಲ್ವಿನ್. ಶಾಖ ಪಕ್ಕಕ್ಕೆ ಹರಡೋದು ಕಡಿಮೆ, ಹಾಗಾಗಿ ಕಿರಣದ ನಡುವಿನ ಬಿಸಿ ಹೆಚ್ಚುಕಡಿಮೆ ಹಾಗೇ ಪ್ಲಾಸ್ಟಿಕ್ಕಿಗೆ ಇಳಿಯುತ್ತೆ. ನೈಲಾನ್ 66 ಕರಗೋದು ಸುಮಾರು 260 ಡಿಗ್ರಿಗೆ. 400 ದಾಟಿದರೆ ಬೇಗ ವಿಘಟನೆಯಾಗಿ ಅನಿಲ ಬಿಡುತ್ತೆ. ಅಂಚು 260 ಮುಟ್ಟೋಷ್ಟರಲ್ಲಿ ನಡುವೆ ಆ ಮಿತಿ ದಾಟಿರುತ್ತೆ. ಡಿಫೋಕಸ್ ಮಾಡಿ (ಫೋಕಸ್ ತಪ್ಪಿಸಿ ಸ್ಪಾಟ್ ಅಗಲಿಸಿ), ಸಾಧ್ಯವಿದ್ದರೆ ಟಾಪ್-ಹ್ಯಾಟ್ ಕಿರಣ (ನಡುವಿಂದ ಅಂಚಿನವರೆಗೆ ಒಂದೇ ತೀವ್ರತೆ ಇರೋದು) ಬಳಸಿ. ಸ್ಪಾಟ್ ವ್ಯಾಸ ಎರಡು ಪಟ್ಟಾದರೆ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತೆ. ಆ ಕೊರತೆಯನ್ನು ಮೊದಲು ವೇಗ ತಗ್ಗಿಸಿ ತುಂಬಿ, ಸಾಲದಿದ್ದರೆ ಮಾತ್ರ ಪವರ್ ಏರಿಸಿ.

ಇನ್ನೊಂದು ಮಾತು, ಇದನ್ನು ಬಹಳ ಜನ ಬಿಟ್ಟುಬಿಡ್ತಾರೆ: 1 ಮಿ.ಮೀ. ಸ್ಟೇನ್‌ಲೆಸ್ ದಾಟೋಕೆ ಶಾಖಕ್ಕೆ ಸುಮಾರು ಕಾಲು ಸೆಕೆಂಡ್ ಬೇಕು. ನಿಮ್ಮ ವೇಗದಲ್ಲಿ ಅಷ್ಟರೊಳಗೆ ಕಿರಣ 2.5 ಮಿ.ಮೀ. ಮುಂದೆ ಹೋಗಿರುತ್ತೆ. ಹಾಗಾಗಿ ಮೇಲ್ಮೈಗೆ ಹಿಡಿದ ಪೈರೋಮೀಟರ್ (ಮುಟ್ಟದೆ ತಾಪಮಾನ ಅಳೆಯೋ ಸಾಧನ) ತೋರಿಸೋದು ಕೆಳಗಿನ ತಾಪಮಾನವಲ್ಲ.

ಉತ್ತರ 2
ಮೇಲಿನದು ಸರಿ, ಆದರೆ ತೇವಾಂಶವನ್ನೂ ನೋಡಿ. ಜೋಡಣೆಯನ್ನು ಅಡ್ಡಡ್ಡ ಕೊಯ್ದು ಭೂತಗನ್ನಡಿಯಲ್ಲಿ ನೋಡಿ: ಗುಳ್ಳೆಯ ಒಳಗೋಡೆ ಬಿಳಿಯಾಗಿ ಸ್ವಚ್ಛವಿದ್ದರೆ ನೀರಿನ ಆವಿ ಅನ್ನೋ ಅನುಮಾನ, ಕಂದಾಗಿದ್ದರೆ ಸುಟ್ಟ ಅನಿಲ. ಪ್ಲಾಸ್ಟಿಕ್ಕನ್ನು 80 ಡಿಗ್ರಿಯಲ್ಲಿ ಕನಿಷ್ಠ 4 ಗಂಟೆ ಒಣಗಿಸಿ, ತೇವ 0.2%ಗಿಂತ ಕೆಳಗಿಳಿಸಿ, ಮುಚ್ಚಿಟ್ಟು ತಡಮಾಡದೆ ಬಳಸಿ. ಎಲ್ಲ ಗುಳ್ಳೆಯನ್ನೂ ಅಳಿಸೋಕೆ ಹೋಗಬೇಡಿ. ಸಣ್ಣ ಗುಳ್ಳೆ ಹಿಗ್ಗುವಾಗ ಕರಗಿದ ನೈಲಾನನ್ನು ಲೋಹದ ಗೀರುಗಳೊಳಕ್ಕೆ ಒತ್ತುತ್ತೆ, ಅದು ಹಿಡಿತಕ್ಕೆ ಒಳ್ಳೆಯದೇ. ಅವು ಒಂದಕ್ಕೊಂದು ಕೂಡಿಕೊಂಡಾಗಲೇ ತೊಂದರೆ.

ಪ್ರಶ್ನೆ ಕೇಳಿದವರು
ಇದೇ ಸೆಟ್ಟಿಂಗ್ 6061 ಅಲ್ಯೂಮಿನಿಯಂಗೆ ನಡೆಯುತ್ತಾ?

ಉತ್ತರ 1
ಇಲ್ಲ. ಅದರ ವಾಹಕತೆ 167ರ ಆಸುಪಾಸು, 304ರ ಹತ್ತು ಪಟ್ಟು. ಶಾಖವೆಲ್ಲ ಹಾಳೆಗಳನ್ನು ಒತ್ತಿ ಹಿಡಿಯೋ ಕ್ಲ್ಯಾಂಪಿಗೆ ಓಡುತ್ತೆ. ಕ್ಲ್ಯಾಂಪಿನ ಹತ್ತಿರ ಅಂಟು ತೆಳುವಾಗಿದ್ದರೆ ಕಾರಣ ಅದೇ. ಕ್ಲ್ಯಾಂಪಿನ ಹಿಡಿಯೋ ದವಡೆಗೆ ಸೆರಾಮಿಕ್ ಪ್ಯಾಡ್ ಹಾಕಿ. ನಯವಾದ ಅಲ್ಯೂಮಿನಿಯಂ 1 ಮೈಕ್ರಾನ್ ಆಸುಪಾಸಿನ ತರಂಗಾಂತರದ ಬೆಳಕಿನ ಬಹುಪಾಲನ್ನು ವಾಪಸ್ ಎಸೆಯುತ್ತೆ, ಆದ್ದರಿಂದ ಮೇಲ್ಮೈ ಒರಟು ಮಾಡಿ.

ಎರಡೂ ಲೋಹಕ್ಕೆ ಅನ್ವಯಿಸೋದು: ಕಿರಣ ಆರಿದ ತಕ್ಷಣ ಕ್ಲ್ಯಾಂಪ್ ಬಿಚ್ಚಬೇಡಿ. ತಣಿಯುವಾಗ ನೈಲಾನ್ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 80 ಭಾಗ ಕುಗ್ಗುತ್ತೆ, 304 ಬರೀ 17, 6061 ಸುಮಾರು 23. ಜೋಡಣೆ 100 ಡಿಗ್ರಿಗಿಂತ ಕೆಳಗಿಳಿಯೋವರೆಗೆ ಒತ್ತಡ ಹಾಗೇ ಇರಲಿ.