ಎರಡು 3060 ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಪಿಸಿ ಟಕ್ ಅಂತ ಆಫ್ ಆಗುತ್ತೆ, ಅಗ್ಗದ ಪವರ್ ಸಪ್ಲೈ ಹೇಳಿ

ರೆಂಡರ್_ರಂಗ:
ನಾಲ್ಕು ದಿನದಿಂದ ತಲೆ ಕೆಟ್ಟು ಹೋಗಿದೆ. ಬ್ಲೆಂಡರ್ (3ಡಿ ಸಾಫ್ಟ್‌ವೇರ್) ನಲ್ಲಿ ರೆಂಡರ್ ಕೊಟ್ಟು ಊಟಕ್ಕೆ ಹೋದರೆ ಬರುವಷ್ಟರಲ್ಲಿ ಪಿಸಿ ಆಫ್. ನೀಲಿ ಸ್ಕ್ರೀನ್ ಇಲ್ಲ, ಎರರ್ ಇಲ್ಲ, ಟಕ್ ಅಂತ ಒಂದು ಶಬ್ದ ಅಷ್ಟೇ. ಒಂದೇ ಆರ್‌ಟಿಎಕ್ಸ್ 3060 ಇದ್ದಾಗ ಎರಡು ವರ್ಷ ಏನೂ ತೊಂದರೆ ಇರಲಿಲ್ಲ. ಹೋದ ವಾರ ಎಸ್‌ಪಿ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಇನ್ನೊಂದು ತಂದೆ. ಪವರ್ ಸಪ್ಲೈ 550 ವ್ಯಾಟ್. ಆರು ಸಾವಿರದೊಳಗೆ ಯಾವುದು ತಗೊಳ್ಳಲಿ? ಗುರುವಾರ ಕೆಲಸ ಒಪ್ಪಿಸಬೇಕು.

ಹಳೇಪೆಂಟಿಯಂ:
ಯಾವ 550? ಪ್ರೊಸೆಸರ್ ಯಾವುದು? ಯುಪಿಎಸ್ ಇದೆಯಾ? ಬರೀ 550 ಅಂದರೆ ಊರ ಹೆಸರು ಹೇಳದೆ ಬಸ್ ಟೈಮ್ ಕೇಳಿದ ಹಾಗೆ.

ವೋಲ್ಟ್_ಮೇಷ್ಟ್ರು:
ಇದು ಯುಪಿಎಸ್ ತೊಂದರೆ, ಬರೆದಿಟ್ಟುಕೊಳ್ಳಿ. 600 ವಿಎ ಯುಪಿಎಸ್ ಅಂದರೆ ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ. ಎರಡು ಕಾರ್ಡ್ ಒಟ್ಟಿಗೆ ಎಳೆದರೆ ಕೈ ಎತ್ತುತ್ತೆ. ಸುಮ್ನೆ ಪಿಎಸ್‌ಯುಗೆ (ಪವರ್ ಸಪ್ಲೈಗೆ) ದುಡ್ಡು ಹಾಕ್ಬೇಡಿ.

ರೆಂಡರ್_ರಂಗ:
ರೈಜನ್ 5 5600, ಬಿ550 ಮದರ್‌ಬೋರ್ಡ್. ಯುಪಿಎಸ್ 600 ವಿಎ, ಮೇಷ್ಟ್ರು ಹೇಳಿದ್ದೇ. ಅದನ್ನು ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿ ನೋಡಿದೆ. ಹನ್ನೆರಡು ನಿಮಿಷಕ್ಕೆ ಮತ್ತೆ ಟಕ್.

ವೋಲ್ಟ್_ಮೇಷ್ಟ್ರು:
ಹಾಗಾದರೆ ಅರ್ಥಿಂಗ್. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎಷ್ಟು ವೋಲ್ಟ್ ಇದೆ ಅಂತ ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿ.

ಕುಡ್ಲ_ಕ್ಲಾಕರ್:
80 ಪ್ಲಸ್ ಗೋಲ್ಡ್ ಸ್ಟಿಕ್ಕರ್ ಇರೋ ಪವರ್ ಸಪ್ಲೈ ತಗೊಳ್ಳಿ ಮಾರಾಯ್ರೆ. ಬ್ರಾಂಜ್ ಎಲ್ಲ ಲೋಡ್ ತಡೆಯಲ್ಲ.

ಹಳೇಪೆಂಟಿಯಂ:
ಯಾರು ಹೇಳಿದ್ದು? ಗೋಡೆಯಿಂದ ಎಳೆದ ಕರೆಂಟಲ್ಲಿ ಎಷ್ಟು ಬಿಸಿಯಾಗಿ ಹೋಗುತ್ತೆ ಅನ್ನೋದಷ್ಟೇ 80 ಪ್ಲಸ್ ಲೆಕ್ಕ. ಒಳಗಿನ ಕೆಪಾಸಿಟರ್ ಹೇಗಿದೆ, ಓವರ್‌ಲೋಡ್ ಆದರೆ ಕಟ್ ಆಗುತ್ತಾ ಅನ್ನೋದು ಆ ಸ್ಟಿಕ್ಕರ್‌ನಿಂದ ಗೊತ್ತಾಗಲ್ಲ. ಒಳ್ಳೆ ಬ್ರಾಂಜ್ 750 ಇದ್ದರೆ ಗೋಲ್ಡ್ 550ಗಿಂತ ಜಾಸ್ತಿ ಲೋಡ್ ಹೊರುತ್ತೆ.

ಕುಡ್ಲ_ಕ್ಲಾಕರ್:
ನನ್ನದು ಗೋಲ್ಡ್ 850, 2015ರಲ್ಲಿ ತಗೊಂಡಿದ್ದು. ಎರಡು ಜಿಟಿಎಕ್ಸ್ 970 ಎಸ್‌ಎಲ್‌ಐನಲ್ಲಿ (ಎರಡೂ ಕಾರ್ಡ್ ಜೋಡಿಸಿ) ಹಾಕಿ, ಓವರ್‌ಕ್ಲಾಕ್ ಮಾಡಿ ಓಡಿಸಿದ್ದೇನೆ. ಅದೂ ಮಂಗಳೂರಿನ ಏಪ್ರಿಲ್ ಸೆಖೆಯಲ್ಲಿ, ಏಸಿ ಇಲ್ಲದೆ. ಫೋಟೋ ಹಾಕಲಾ?

ಹಳೇಪೆಂಟಿಯಂ:
ಬೇಡ.

ಮೈನಿಂಗ್_ಮಂಜ:
ಎರಡು ಕಾರ್ಡ್‌ಗೇ ಇಷ್ಟೊಂದು ಗಲಾಟೆನಾ? ನಾನು ಆರು ಕಾರ್ಡ್ ಓಡಿಸಿದವನು. 2022ರ ಸೆಪ್ಟೆಂಬರ್‌ನಲ್ಲಿ ಕಾರ್ಡ್‌ಗಳಲ್ಲಿ ಇಥೀರಿಯಂ ಕ್ರಿಪ್ಟೋ ಮೈನಿಂಗ್ ನಿಂತ ಮೇಲೆ ಮಾರಿದೆ. ಹಳೇ 450 ವ್ಯಾಟ್ ಪವರ್ ಸಪ್ಲೈ ಒಂದು ಸಿಕ್ಕಿದರೆ ಪಕ್ಕಕ್ಕೆ ಜೋಡಿಸಿ, ಕೆಲಸ ಮುಗೀತು.

ಸುಮಾ_3ಡಿ:
ಮಂಜ, ಅವರಿಗೆ ಇನ್ನೊಂದು ತಲೆನೋವು ಕೊಡ್ಬೇಡ. ರಂಗ ಅವರೇ, ಪಿಎಸ್‌ಯು ಪಕ್ಕದ ಸ್ಟಿಕ್ಕರ್‌ನಲ್ಲಿ 12 ವೋಲ್ಟ್ ಕೆಳಗೆ ಎಷ್ಟು ಆಂಪಿಯರ್ ಇದೆ ನೋಡಿ, 12ರಿಂದ ಗುಣಿಸಿ. ಕಾರ್ಡು, ಪ್ರೊಸೆಸರು ಎರಡಕ್ಕೂ ಮುಖ್ಯವಾಗಿ ಅಲ್ಲಿಂದಲೇ ಹೋಗೋದು. 3060 ಒಂದಕ್ಕೆ 170 ವ್ಯಾಟ್, ಎರಡಕ್ಕೆ 340. 5600ಕ್ಕೆ 65 ಅಂತ ಬರೆದಿದ್ದರೂ 76ರವರೆಗೆ ಎಳೆಯುತ್ತೆ. ಬೋರ್ಡ್, ಫ್ಯಾನ್, ಎಸ್‌ಎಸ್‌ಡಿಗೆ ಒಂದು 50. ಎಲ್ಲ ಸೇರಿ 466. ಇದರ ಮೇಲೆ ಕಾರ್ಡ್‌ಗಳು ಕೆಲವು ಮಿಲಿಸೆಕೆಂಡ್ ಇನ್ನೂ ಮೇಲಕ್ಕೆ ಜಿಗಿಯುತ್ತವೆ.

ಅಂದ ಹಾಗೆ, ಎರಡನೇ ಕಾರ್ಡ್‌ಗೆ ವೈರ್ ಎಲ್ಲಿಂದ ಕೊಟ್ಟಿದ್ದೀರಿ?

ರೆಂಡರ್_ರಂಗ:
38 ಆಂಪಿಯರ್. ಅಂದರೆ 456. ಅಯ್ಯೋ. ವೈರ್ ಅಂದರೆ, ಇದರಲ್ಲಿ ಕಾರ್ಡ್‌ಗೆ ಹಾಕೋ 8 ಪಿನ್ ಕೇಬಲ್ ಒಂದೇ ಇತ್ತು. ಅಂಗಡಿಯಲ್ಲಿ ಸಾಟಾದಿಂದ (ಹಾರ್ಡ್ ಡಿಸ್ಕ್‌ಗೆ ಹಾಕೋ ಪವರ್ ವೈರ್) 8 ಪಿನ್ ಮಾಡೋ ಕನ್ವರ್ಟರ್ ಕೊಟ್ಟರು. ಅದನ್ನೂ ಹೇಳಬೇಕಿತ್ತಾ?

ಸುಮಾ_3ಡಿ:
ಅದನ್ನೇ ಮೊದಲು ಹೇಳಬೇಕಿತ್ತು! ಈಗಲೇ ಪ್ಲಗ್ ಕಿತ್ತು ಆ ಸಾಟಾ ತುದಿ ನೋಡಿ. ಸಾಟಾದಲ್ಲಿ 12 ವೋಲ್ಟ್‌ಗೆ ಮೂರೇ ಪಿನ್, ಒಂದಕ್ಕೆ 1.5 ಆಂಪಿಯರ್. ಒಟ್ಟು 54 ವ್ಯಾಟ್. 8 ಪಿನ್‌ನಲ್ಲಿ ಕಾರ್ಡ್ 150ರವರೆಗೆ ಎಳೆಯಬಹುದು.

ರೆಂಡರ್_ರಂಗ:
ಬಿಚ್ಚಿದೆ. ಕೈ ಇನ್ನೂ ನಡುಗ್ತಾ ಇದೆ. ಹಳದಿ ವೈರ್ ಸೇರುವ ಕಡೆ ಪ್ಲಾಸ್ಟಿಕ್ ಉಬ್ಬಿ ಕಾಫಿ ಬಣ್ಣಕ್ಕೆ ತಿರುಗಿದೆ. ಸಲೀಸಾಗಿ ಬರಲಿಲ್ಲ, ಅಂಟಿಕೊಂಡಿತ್ತು, ಅಲ್ಲಾಡಿಸಿ ಕಿತ್ತೆ. ಎರಡು ದಿನದಿಂದ ಏನೋ ವಾಸನೆ ಇತ್ತು. ಪಕ್ಕದ ಮನೆಯವರು ಹಪ್ಪಳ ಸುಡ್ತಿದ್ದಾರೆ ಅಂದ್ಕೊಂಡಿದ್ದೆ.

ವೋಲ್ಟ್_ಮೇಷ್ಟ್ರು:
ಅರ್ಥಿಂಗ್ ಸರಿ ಇದ್ದಿದ್ದರೆ ಇಷ್ಟು ಬಿಸಿ ಆಗ್ತಿರಲಿಲ್ಲ.

ಹಳೇಪೆಂಟಿಯಂ:
ಮೇಷ್ಟ್ರೇ, ಸಣ್ಣ ಪಿನ್‌ನಲ್ಲಿ ಜಾಸ್ತಿ ಕರೆಂಟ್ ಹರಿದರೆ ಸುಡುತ್ತೆ. ಅದಕ್ಕೂ ಅರ್ಥಿಂಗ್‌ಗೂ ಏನು ಸಂಬಂಧ?

ರಂಗ, ಗುರುವಾರದವರೆಗೆ ಎರಡನೇ ಕಾರ್ಡ್ ತೆಗೆದಿಡಿ, ನಿಧಾನ ಆದರೂ ಒಂದರಲ್ಲೇ ರೆಂಡರ್ ಮಾಡಿ. ಆಮೇಲೆ ಬ್ರಾಂಜ್ 750 ತಗೊಳ್ಳಿ. ಕೋರ್ಸೇರ್ ಸಿಎಕ್ಸ್750, ಡೀಪ್‌ಕೂಲ್ ಪಿಕೆ750ಡಿ, ಯಾವುದು ಬಜೆಟ್‌ಗೆ ಬರುತ್ತೋ ಅದು. ಡಬ್ಬ ತೆರೆಸಿ ಗ್ರಾಫಿಕ್ಸ್ ಕಾರ್ಡ್ ಕೇಬಲ್ ಎಣಿಸಿ. ಎರಡು ಬೇರೆ ಬೇರೆ ಕೇಬಲ್ ಇರಬೇಕು. ಒಂದೇ ಕೇಬಲ್‌ಗೆ ಎರಡು ತಲೆ ಇರೋದು ಎರಡು ಕಾರ್ಡ್‌ಗೆ ಹಂಚ್ಬೇಡಿ.

ಕುಡ್ಲ_ಕ್ಲಾಕರ್:
ನನ್ನ 850ರಲ್ಲಿ ಅಂಥ ಕೇಬಲ್ ನಾಲ್ಕು ಇದೆ.

ಮೈನಿಂಗ್_ಮಂಜ:
ಮಾರ್ತೀಯಾ?

ಕುಡ್ಲ_ಕ್ಲಾಕರ್:
ಇಲ್ಲ.

ರೆಂಡರ್_ರಂಗ (ಒಂಬತ್ತು ದಿನದ ನಂತರ):
ಬ್ರಾಂಜ್ 750 ಬಂತು. ಬಜೆಟ್ ಸ್ವಲ್ಪ ಮೀರಿತು. ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನಲ್ಲಿ ಎರಡೂ ಕಾರ್ಡ್‌ಗೆ ಪವರ್ ಲಿಮಿಟ್ 80 ಪರ್ಸೆಂಟ್ ಇಟ್ಟಿದ್ದೇನೆ, ಒಂದೊಂದಕ್ಕೆ 136 ವ್ಯಾಟ್. ರಾತ್ರಿಯಿಡೀ ಓಡಿತು, ಒಂದು ಸಲವೂ ಆಫ್ ಆಗಲಿಲ್ಲ. ಗುರುವಾರದ ಕೆಲಸ ಶನಿವಾರ ಒಪ್ಪಿಸಿ ಬೈಸಿಕೊಂಡೆ, ಅದು ಬೇರೆ ವಿಷಯ.

ಆದರೆ ನಿನ್ನೆ ರೆಂಡರ್ ನಡುವೆ ಕರೆಂಟ್ ಹೋಯ್ತು. ಯುಪಿಎಸ್ ಒಂದು ಸಲ ಕೀ ಅಂದು ಮಲಗಿತು.

ಸುಮಾ_3ಡಿ:
ಅಲ್ಲಿ ಮೇಷ್ಟ್ರು ಹೇಳಿದ್ದು ಸರಿ. 360 ವ್ಯಾಟ್‌ಗೆ ಈ ಲೋಡ್ ಹೊರಕ್ಕಾಗಲ್ಲ. 1 ಕೆವಿಎ (1000 ವಿಎ) ನೋಡಿ, ಅದರಲ್ಲೂ ವಿಎ ಅಲ್ಲ, ವ್ಯಾಟ್ ಎಷ್ಟು ಅಂತ ಓದಿ.

ರೆಂಡರ್_ರಂಗ:
ಮೇಷ್ಟ್ರೇ, ಯುಪಿಎಸ್ ಯಾವುದು ತಗೊಳ್ಳಲಿ, ನೀವೇ ಹೇಳಿ.

ವೋಲ್ಟ್_ಮೇಷ್ಟ್ರು:
ಮೊದಲು ಅರ್ಥಿಂಗ್ ಅಳೆಸಿದಿರಾ?