ಗಾಯಕ ಹೊರಟುಹೋದ ಮೇಲೂ ಅದು ಅದೇ ಬ್ಯಾಂಡೇ?

ಕಡಿಯಾಳಿ ಕೇಳುಗ (ಉಡುಪಿ):
ಲಂಡನ್ನಿನ ಬ್ಲ್ಯಾಕ್ ಕಂಟ್ರಿ, ನ್ಯೂ ರೋಡ್ ತಂಡವನ್ನು ಗಾಯಕ, ಗಿಟಾರ್ ವಾದಕ ಐಸಾಕ್ ವುಡ್ ಬಿಟ್ಟ ಸುದ್ದಿ ಪ್ರಕಟವಾದದ್ದು 2022ರ ಜನವರಿ 31ರಂದು. ನಾಲ್ಕೇ ದಿನಕ್ಕೆ, ಅವರ ನಡುಗುವ ದನಿಯ ಮೇಲೆಯೇ ನಿಂತಿದ್ದ ‘ಆ್ಯಂಟ್ಸ್ ಫ್ರಮ್ ಅಪ್ ದೇರ್’ ಬಿಡುಗಡೆಯಾಯಿತು. 2025ರ ಏಪ್ರಿಲ್‌ನಲ್ಲಿ ಬಂದ ‘ಫಾರೆವರ್ ಹೌಲಾಂಗ್’ನಲ್ಲಿ ಹಾಡುವವರು ಟೈಲರ್ ಹೈಡ್, ಜಾರ್ಜಿಯಾ ಎಲ್ಲರಿ ಮತ್ತು ಮೇ ಕರ್ಶಾ. ಮೂವರೂ ಸೊಗಸಾಗಿಯೇ ಹಾಡಿದ್ದಾರೆ, ಆದರೂ ನನ್ನ ಕೈ ಮತ್ತೆ ಮತ್ತೆ ಹಳೆಯ ಆಲ್ಬಮ್ಮಿನತ್ತಲೇ ಹೋಗುತ್ತದೆ. ಯಕ್ಷಗಾನದಲ್ಲಿ ಚೆಂಡೆ ಮದ್ದಳೆಯವರೂ ವೇಷಧಾರಿಗಳೂ ಅವರೇ ಇದ್ದರೂ ಹಾಡುವ ಭಾಗವತರು ಬದಲಾದರೆ ಆಟದ ಕಳೆಯೇ ಬೇರೆಯಾಗುತ್ತದೆ ಎಂದು ನಮ್ಮಲ್ಲಿ ಹೇಳುವುದುಂಟಲ್ಲ, ಇದೂ ಹಾಗೆಯೇ ಎನ್ನಬಹುದೇ? ಅಥವಾ ನಾನು ಹೊಸದನ್ನು ಹಳೆಯದರ ಕಿವಿಯಿಂದ ಕೇಳುತ್ತಿದ್ದೇನೆಯೇ?

ಬಲ್ಮಠದಿಂದ:
ಮೇಳದ ಹೋಲಿಕೆಯನ್ನು ನಾನು ಪೂರ್ತಿ ಒಪ್ಪಲಾರೆ. ಭಾಗವತರು ಬದಲಾದರೂ ಪ್ರಸಂಗ ಉಳಿಯುತ್ತದೆ. ಹೊಸಬರು ಅದೇ ಪದ್ಯಗಳನ್ನು ತಮ್ಮ ಶೈಲಿಯಲ್ಲಿ ಹಾಡುತ್ತಾರೆ. ಈ ತಂಡ ಮಾಡಿದ್ದು ಅದಲ್ಲ. ವುಡ್ ಇದ್ದಾಗಿನ ಹಾಡುಗಳನ್ನು ಇನ್ನು ನುಡಿಸುವುದಿಲ್ಲವೆಂದು ಉಳಿದ ಆರು ಮಂದಿ ನಿಶ್ಚಯಿಸಿ, ಕೆಲವೇ ತಿಂಗಳಲ್ಲಿ ಹೊಸ ಹಾಡುಗಳನ್ನು ಕಟ್ಟಿ ವೇದಿಕೆಯೇರಿದರು. 2022ರ ಡಿಸೆಂಬರ್‌ನಲ್ಲಿ ಲಂಡನ್ನಿನ ಬುಷ್ ಹಾಲ್‌ನಲ್ಲಿ ನಡೆದ ಕಛೇರಿಗಳ ಧ್ವನಿಮುದ್ರಣವೇ ಮರುವರ್ಷ ಮಾರ್ಚ್‌ನಲ್ಲಿ ‘ಲೈವ್ ಆ್ಯಟ್ ಬುಷ್ ಹಾಲ್’ ಆಗಿ ಬಂತು. ಕೈಗೆ ಸಿಕ್ಕಿದ್ದ ಜನಪ್ರಿಯತೆಯನ್ನು ಹೀಗೆ ಪಕ್ಕಕ್ಕಿಡುವ ಎದೆಗಾರಿಕೆ ಎಲ್ಲ ಬ್ಯಾಂಡುಗಳಿಗೂ ಇರುವುದಿಲ್ಲ.

ಇನ್ನು ಸಂಗೀತದ ಮಾತು. ಹಳೆಯ ಆಲ್ಬಮ್ಮಿನ ಕೊನೆಯ ಹಾಡು ಹನ್ನೆರಡು ನಿಮಿಷಕ್ಕೂ ಹೆಚ್ಚಿನದು. ಪಿಸುದನಿಯಿಂದ ಹೊರಟು, ಸ್ಯಾಕ್ಸೋಫೋನ್ ಮತ್ತು ವಯೊಲಿನ್‌ಗಳನ್ನು ಜತೆಗೂಡಿಸಿಕೊಂಡು, ಚೀರಾಟದವರೆಗೆ ಏರುತ್ತದೆ. ‘ಫಾರೆವರ್ ಹೌಲಾಂಗ್’ ಹಾಗೆ ಏರುವ ಆಲ್ಬಮ್ಮೇ ಅಲ್ಲ. ಅದರಲ್ಲಿ ಹಾರ್ಪ್ಸಿಕಾರ್ಡ್ ಎಂಬ ಹಳೆಯ ಕೀಲಿಮಣೆ ವಾದ್ಯ ಇದೆ, ಶೀರ್ಷಿಕೆಗೀತೆಯಲ್ಲಿ ತಂಡದವರೇ ಊದುವ ರೆಕಾರ್ಡರ್ ಎಂಬ ಕೊಳಲುಗಳಿವೆ. ಹಾಡುಗಳು ಪಕ್ಕಕ್ಕೆ ತಿರುಗುತ್ತವೆ, ಕವಲೊಡೆಯುತ್ತವೆ, ಕೆಲವೊಮ್ಮೆ ಹೊರಟ ಜಾಗವನ್ನೇ ಮರೆತುಬಿಡುತ್ತವೆ. ಆ ಏರಿಕೆಗಾಗಿ ಕಾದು ಕುಳಿತವರಿಗೆ ನಿರಾಶೆಯಾಗುವುದು ಸಹಜ. ನನ್ನ ದೂರು ಬೇರೆಯದು: ಮೂವರು ಬರೆದ ಹಾಡುಗಳು ಒಂದರ ಪಕ್ಕ ಒಂದು ಕುಳಿತಿವೆ, ಒಂದಕ್ಕೊಂದು ಮಾತನಾಡುತ್ತಿಲ್ಲ.

ಮಲ್ಪೆ ರಸ್ತೆ:
ಚರ್ಚೆ ಗಾಯಕರ ಸುತ್ತಲೇ ಸುತ್ತುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಅಮೆರಿಕದ ಬಿಗ್ ಥೀಫ್‌ನಲ್ಲಿ ಗಾಯಕಿ ಏಡ್ರಿಯನ್ ಲೆಂಕರ್ ಇದ್ದಲ್ಲಿಯೇ ಇದ್ದಾರೆ. 2024ರಲ್ಲಿ ತಂಡದಿಂದ ಹೊರಬಂದವರು ಬೇಸ್ ವಾದಕ ಮ್ಯಾಕ್ಸ್ ಒಲಿಯಾರ್ಚಿಕ್. ಆದರೆ 2022ರ ಇಪ್ಪತ್ತು ಹಾಡುಗಳ ಆಲ್ಬಮ್ಮನ್ನೂ 2025ರ ಸೆಪ್ಟೆಂಬರ್‌ನ ‘ಡಬಲ್ ಇನ್ಫಿನಿಟಿ’ಯನ್ನೂ ಬೆನ್ನುಬೆನ್ನಿಗೆ ಕೇಳಿದರೆ, ನಾಲ್ವರು ಪರಸ್ಪರ ಉಸಿರನ್ನು ಆಲಿಸುತ್ತ ನುಡಿಸುತ್ತಿದ್ದ ಆ ಸಲುಗೆ ಎರಡನೆಯದರಲ್ಲಿ ಇಲ್ಲವೆಂಬುದು ತಿಳಿಯುತ್ತದೆ. ಉಳಿದ ಮೂವರು ಆ ಖಾಲಿ ಜಾಗವನ್ನು ಒಬ್ಬರಿಂದ ತುಂಬಿಸದೆ, ಝಿತರ್ ಎಂಬ ತಂತಿವಾದ್ಯ ನುಡಿಸುವ ಲರಾಜಿಯವರೂ ಸೇರಿದಂತೆ ಹಲವು ಕಲಾವಿದರನ್ನು ನ್ಯೂಯಾರ್ಕಿನ ಸ್ಟುಡಿಯೋಗೆ ಕರೆದರು. ಒಂಬತ್ತೇ ಹಾಡು, ಮಂಜಿನಂತಹ ನಾದ. ನನಗೆ ಹಿಡಿಸಿತು, ಗೆಳೆಯರಿಗೆ ಹಿಡಿಸಲಿಲ್ಲ. ಆದ್ದರಿಂದ ಬ್ಯಾಂಡಿನ ಗುರುತು ದನಿಯಲ್ಲಿ ಮಾತ್ರ ಇದೆ ಎನ್ನುವುದು ಅವಸರದ ಮಾತು.

ಸುರತ್ಕಲ್ ಸಂಜೆ:
ಪ್ರಶ್ನೆ ಕೇಳಿದವರು ‘ಲೈವ್ ಆ್ಯಟ್ ಬುಷ್ ಹಾಲ್’ ಕೇಳಿದ್ದಾರೆಯೇ? ಅದನ್ನು ದಾಟದೆ ನೇರವಾಗಿ 2025ಕ್ಕೆ ಬಂದವರಿಗೆಲ್ಲ ಈ ತೊಡಕು ಇದ್ದದ್ದೇ.

ಕಡಿಯಾಳಿ ಕೇಳುಗ:
ಕೇಳಿರಲಿಲ್ಲ, ಈಗ ಕೇಳಿದೆ. ಅದರಲ್ಲಿ ಮೇ ಕರ್ಶಾ ಪಿಯಾನೊ ಮುಂದೆ ಕುಳಿತು ಹಾಡುವ ದೀರ್ಘ ಹಾಡು, ಬಲ್ಮಠದವರು ಹೇಳಿದ ಏರಿಕೆಯನ್ನು ಚೀರಾಟವಿಲ್ಲದೆಯೇ ಸಾಧಿಸುತ್ತದೆ. ಪ್ರಸಂಗದ ಕುರಿತ ಆಕ್ಷೇಪವನ್ನು ಒಪ್ಪುತ್ತೇನೆ. ಆದರೆ ‘ಫಾರೆವರ್ ಹೌಲಾಂಗ್’ನ ದ್ವಿತೀಯಾರ್ಧ ಸಡಿಲವಾಗಿದೆ ಎಂಬ ಅಭಿಪ್ರಾಯವನ್ನು ಬಿಡಲಾರೆ, ಅದಕ್ಕೂ ವುಡ್ ಇಲ್ಲದಿರುವುದಕ್ಕೂ ಸಂಬಂಧವಿಲ್ಲವೆಂದು ಮಾತ್ರ ಈಗ ಅನ್ನಿಸುತ್ತಿದೆ.